ಚಾಪೆಯಷ್ಟು ಜಾಗ

ಕಡುಬಿನ ಹಿಟ್ಟು ಇನ್ನೂ ಕೈ ಸುಡುತ್ತಿತ್ತು. ತನುಜಾ ತಣ್ಣೀರಿನಲ್ಲಿ ಅಂಗೈ ಅದ್ದಿ ಅದ್ದಿ ಉಂಡೆ ಕಟ್ಟಿ ಹಬೆ ಪಾತ್ರೆಯ ತಟ್ಟೆಗೆ ಇಡುತ್ತಿದ್ದಳು. ಬಂಗಲೆಯ ಅತಿಥಿಗಳು ಇಪ್ಪತ್ತೆರಡು ಜನ, ತಲೆಗೆ ಮೂರರಂತೆ ಅರವತ್ತಾರು. ಮೊದಲ ದಿನ ಐದರಂತೆ ಮಾಡಿ ಅರ್ಧಕ್ಕರ್ಧ ಉಳಿದು, ತೋಟದ ಆಳುಗಳ ಲೈನಿನ ಮನೆಗಳಲ್ಲಿ ಎರಡು ದಿನ ಎಲ್ಲರೂ ಕಡುಬನ್ನೇ ತಿಂದಿದ್ದರು. ಐವತ್ತನೆಯದೋ ಐವತ್ತೊಂದನೆಯದೋ ಉಂಡೆ ಕೈಯಲ್ಲಿದ್ದಾಗ ಗ್ರೌಂಡಿನ ಕಡೆಯಿಂದ ಪೀಪಿ ಕೇಳಿಸಿತು. ಹತ್ತು ದಿನದಿಂದ ಕೇಳಿ ಕೇಳಿ ಆ ಪೀಪಿಯ ಮಾತು ಅವಳಿಗೂ ಅರ್ಥವಾಗುತ್ತಿತ್ತು. ಒಂದು ಸಲ ಊದಿದರೆ ಓಡುವುದು, ಎರಡು ಸಲ ಊದಿದರೆ ನಿಲ್ಲುವುದು. ಇದು ಎರಡೂ ಅಲ್ಲ. ಉಸಿರು ಮುಗಿಯುವ ತನಕ ಉದ್ದಕ್ಕೆ ಎಳೆದ ಹಾಗಿತ್ತು. ಅದರ ಬೆನ್ನಿಗೇ ಒಬ್ಬ ಗಂಡಸು ನೋವಿನಿಂದ ಕೂಗಿದ.

ತನುಜಾ ಮೊದಲು ನೋಡಿದ್ದು ಒಲೆಯ ಪಕ್ಕದ ಮಣೆಯನ್ನು. ಮಣೆ ಖಾಲಿ. ಕಾಫಿ ಲೋಟ ಅರ್ಧ ಕುಡಿದು ಬಿಟ್ಟದ್ದು ಹಾಗೇ ಇತ್ತು. ಮಗಳು ಕೃತಿಕಾ ಮತ್ತೆ ಗ್ರೌಂಡಿಗೆ ಹೋಗಿದ್ದಳು.

"ಯಾರೋ ಬಿದ್ದ ಅಂತ ಕಾಣ್ತದೆ ಮಾರಾಯ್ತಿ," ಎಂದಳು ಚಟ್ನಿಗೆ ಕಾಯಿ ತುರಿಯುತ್ತಿದ್ದ ವಿಮಲಮ್ಮ, ತಲೆ ಎತ್ತದೆ. "ಬೀಳ್ದೆ ಇನ್ನೇನು? ಒಬ್ಬನ ಬೆನ್ನ ಮೇಲೆ ಇನ್ನೊಬ್ಬ ಹತ್ತಿ ಚೆಂಡು ಹಿಡೀತಾರೆ. ನಮ್ಮ ತೋಟದ ಮಂಗಗಳೇ ವಾಸಿ, ಹಿಡ್ಕೊಳ್ಳೋಕೆ ಬಾಲ ಆದ್ರೂ ಇದೆ."

ಅಷ್ಟರಲ್ಲಿ ಬಂಗಲೆಯ ಒಳಗಿನಿಂದ ಯಜಮಾನಿ ಸೌಂದರ್ಯಮ್ಮನ ದನಿ ಬಂತು. "ತನುಜಾ, ಫ್ರಿಜ್ಜಲ್ಲಿ ಐಸಿದೆ, ಒಂದು ಬಟ್ಟೇಲಿ ಕಟ್ಕೊಂಡು ಬೇಗ ಓಡು. ಆ ಕೆಂಚುಗೂದಲಿನ ಹುಡುಗನ ಕಾಲು ಉಳುಕಿದೆಯಂತೆ."

ಅವಳು ಕೈಯ ಹಿಟ್ಟನ್ನು ಸೆರಗಿಗೇ ಒರೆಸಿಕೊಂಡು ಐಸು ಕಟ್ಟಿಕೊಂಡು ಹೊರಟಳು. ಬಂಗಲೆಯ ಹಿಂದೆ ಕಣದಲ್ಲಿ ರೊಬಸ್ಟಾ ಕಾಫಿ ಹಣ್ಣು ಹರಡಿತ್ತು. ಕಣ ದಾಟಿದರೆ ಕಲ್ಲಿನ ಕಾಂಪೌಂಡು ಕಟ್ಟಿದ, ಹಿಂದಿನ ಯಜಮಾನರಾದ ದೊಡ್ಡಯ್ಯನ ಸಮಾಧಿ. ಅದರಾಚೆ ಗ್ರೌಂಡು.

ಗ್ರೌಂಡು ಅಂದರೆ ಈಚಿನ ಮಾತು. ಮೂರು ತಿಂಗಳ ಹಿಂದೆ ಅದು ಉಳುಮೆಯಿಲ್ಲದೆ ಹಡ್ಲು ಬಿದ್ದ ಗದ್ದೆ. ಬಾಳೂರಿನ ಸುತ್ತ ಲೋಟ ಇಟ್ಟರೆ ವಾಲದಂಥ ನೆಲ ಸಿಗುವುದೇ ಕಷ್ಟ. ಈ ಎಸ್ಟೇಟಿನ ಈಗಿನ ಯಜಮಾನರಾದ ಅರುಣ್ ಅಯ್ಯ ಓದಲಿಕ್ಕೆಂದು ಆಸ್ಟ್ರೇಲಿಯಕ್ಕೆ ಹೋಗಿದ್ದಾಗ ಅಲ್ಲಿನ ಯಾವುದೋ ಸಣ್ಣ ಊರಿನ ಕ್ಲಬ್ಬಿಗೆ ಎರಡು ವರ್ಷ ಅಲ್ಲಿನದೇ ಒಂದು ಬಗೆಯ ಫುಟ್‌ಬಾಲ್ ಆಡಿದ್ದರಂತೆ. ಮೊಟ್ಟೆಯಾಕಾರದ ಗ್ರೌಂಡು, ಎರಡು ತುದಿಗೂ ನಾಲ್ಕು ನಾಲ್ಕು ಕಂಬ, ಎಳೆ ಹಲಸಿನಕಾಯಿಯಂಥ ಚೆಂಡು. ಅದನ್ನು ಕಾಲಲ್ಲಿ ಒದೆಯಲೂಬಹುದು, ಮುಷ್ಟಿಯಲ್ಲಿ ಗುದ್ದಲೂಬಹುದು. ಏಪ್ರಿಲ್ಲಿನಲ್ಲಿ ಅವರ ಊರಲ್ಲಿ ಪಂದ್ಯಗಳು ಶುರುವಾಗುವ ಮುಂಚೆ ಮೈ ಹದ ಮಾಡಿಕೊಳ್ಳಲಿಕ್ಕೆ ಆ ಕ್ಲಬ್ಬಿನವರೇ ಹನ್ನೆರಡು ದಿನಕ್ಕೆ ಇಲ್ಲಿಗೆ ಬಂದಿದ್ದರು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಓಡುವುದು, ಏಳುವುದು, ಬೀಳುವುದು. ಇದು ಆಟವಲ್ಲ, ಆಟಕ್ಕೆ ಮುಂಚಿನ ತಯಾರಿ ಎಂದು ಅಯ್ಯ ಹೇಳಿದಾಗ ವಿಮಲಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದಳು. "ಬರೀ ಓಡೋಕೆ ವಿಮಾನ ಹತ್ತಿ ಬರ್ಬೇಕಾಗಿತ್ತಾ? ನಮ್ಮ ಮೇಸ್ತ್ರಿ ಕೈಗೆ ಕೊಟ್ಟಿದ್ರೆ ಕುಕ್ಕೆ ಸಮೇತ ಓಡಿಸ್ತಿದ್ದ."

ತನುಜಾ ನಕ್ಕಿರಲಿಲ್ಲ. ಆ ಗ್ರೌಂಡನ್ನು ಅವಳು ಕಣ್ಣೆತ್ತಿ ಸರಿಯಾಗಿ ನೋಡಿಯೂ ಇರಲಿಲ್ಲ. ಕಾಫಿ ಕೊಂಡೊಯ್ದರೆ ಗ್ರೌಂಡಿನ ಸುತ್ತ ಕಟ್ಟಿದ್ದ ಹಗ್ಗದ ಹೊರಗೇ ಇಟ್ಟು ತಿರುಗುತ್ತಿದ್ದಳು.

ಎರಡು ವರ್ಷದ ಹಿಂದಿನ ಆಷಾಢ. ಪಾಪುವಿಗೆ ಮೂರು ತಿಂಗಳು ತುಂಬಿತ್ತು. ಆಷಾಢ ಕಳೆದ ಮೇಲೆ ಹೆಸರಿಡೋಣ ಎಂದಿದ್ದರು, ಹಾಗಾಗಿ ಅದು ಬರೀ ಪಾಪು. ಮೂರು ದಿನ ಜ್ವರ, ನಾಲ್ಕನೆಯ ದಿನ ಮೂಡಿಗೆರೆಗೆ ಹೊರಟ ಜೀಪು ದಾರಿಗಡ್ಡ ಬಿದ್ದ ಮರದ ಮುಂದೆ ನಿಂತಿತು. ಮರ ಕಡಿಯುವವರು ಬರುವಷ್ಟರಲ್ಲಿ ಮಗುವಿನ ಮೈ ತನುಜಾಳ ಎದೆಯ ಮೇಲೇ ತಣ್ಣಗಾಗಿತ್ತು. ಜೀಪು ಅಲ್ಲಿಂದಲೇ ತಿರುಗಿತು.

ಲೈನಿನವರು ಯಾರು ಸತ್ತರೂ ಪಂಚಾಯಿತಿ ಸ್ಮಶಾನಕ್ಕೇ ಒಯ್ಯಬೇಕು, ತೋಟದ ಒಳಗೆ ಗುಂಡಿ ತೆಗೆಯುವ ಹಾಗಿಲ್ಲ ಎನ್ನುವುದು ದೊಡ್ಡಯ್ಯ ಸಿದ್ದಬಸಪ್ಪನವರು ಬದುಕಿದ್ದಾಗಲೇ ಮಾಡಿದ ಕಟ್ಟಳೆ. ಹಿಂದೆ ಯಾವುದೋ ತೋಟದಲ್ಲಿ ಒಂದು ಗುಂಡಿ ಎರಡಾಗಿ, ಎರಡು ಹತ್ತಾಗಿ, ಕೊನೆಗೆ ಅದು ಸ್ಮಶಾನವೆಂದು ತಾಲ್ಲೂಕು ಕಚೇರಿಗೆ ಅರ್ಜಿ ಹೋಗಿತ್ತಂತೆ. ಆದರೆ ಅವತ್ತು ಸ್ಮಶಾನದ ದಾರಿಯ ಹಳ್ಳ ಉಕ್ಕಿ ಮೋರಿ ಮುಳುಗಿತ್ತು. ಅಯ್ಯ ಊರಲ್ಲಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಮಂಜಯ್ಯ ಛತ್ರಿ ಹಿಡಿದು ಲೈನಿನ ಬಾಗಿಲಿಗೆ ಬಂದು ತನುಜಾಳ ಗಂಡನನ್ನು ಹೊರಗೆ ಕರೆದರು. "ನೋಡು ಬಸವರಾಜು. ನೀ ಹೇಳಿಲ್ಲ, ನಾ ಕೇಳಿಲ್ಲ," ಅಂದು ಹೋದರು. ಹಲ್ಲು ಬಾರದ ಮಗುವನ್ನು ಸುಡುವ ಹಾಗಿಲ್ಲ, ಹೂಳುವುದಕ್ಕೆ ತಾಯಿ ಹೋಗುವ ಹಾಗಿಲ್ಲ. ಬಸವರಾಜು ಒಬ್ಬನೇ ಮಗುವನ್ನು ಅವಳ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹಡ್ಲು ಗದ್ದೆಯ ಮೇಲಂಚಿಗೆ ಹೋದ. ಬಂದು, "ದೊಡ್ಡ ಸಿಲ್ವರ್ ಮರದಿಂದ ಬಂಗಲೆ ಕಡೆಗೆ ಒಂಬತ್ತು ಹೆಜ್ಜೆ. ಒಂದು ಕಲ್ಲಿಟ್ಟಿದೀನಿ," ಎಂದಿದ್ದ.

ಆ ಮೇಲೆ ಸೌದೆಯ ನೆಪ ಹೇಳಿಕೊಂಡು ತನುಜಾ ಎಷ್ಟು ಸಲ ಅಲ್ಲಿಗೆ ಹೋದಳೋ. ಕಲ್ಲಿಗೆ ಅರಿಶಿನ ಹಚ್ಚುವಳು, ಒಂದು ಲೋಟ ಹಾಲು ಹೊಯ್ಯುವಳು. ಜೊತೆಗೆ ಕೃತಿಕಾ. ಅಪ್ಪನ ಒಂಬತ್ತು ಹೆಜ್ಜೆ ಅವಳಿಗೆ ಆಗ ಇಪ್ಪತ್ತೆರಡು ಹೆಜ್ಜೆ. ಪ್ರತಿ ಸಲವೂ ಮರಕ್ಕೆ ಬೆನ್ನು ಕೊಟ್ಟು ಎಣಿಸಿಕೊಂಡೇ ಹೋಗುವಳು. "ಅಮ್ಮಾ, ಈಗ ಹತ್ತೊಂಬತ್ತಕ್ಕೇ ಸಿಗ್ತಾನೆ," ಎಂದು ಕಳೆದ ದೀಪಾವಳಿಯ ಹೊತ್ತಿಗೆ ಹೇಳಿದ್ದಳು. ಪಾಪುವೇ ಹತ್ತಿರ ಬರುತ್ತಿದ್ದಾನೆ ಎಂಬ ಹಾಗೆ.

ದೀಪಾವಳಿ ಕಳೆದ ವಾರವೇ ಅರುಣ್ ಅಯ್ಯ ಬಂಗಲೆಯ ಜಗಲಿಯಲ್ಲಿ ಒಂದು ದೊಡ್ಡ ಕಾಗದ ಹರವಿಕೊಂಡು ಕುಳಿತಿದ್ದರು. ರೈಟರ್ ಮಂಜಯ್ಯ ನಿಂತಿದ್ದರು. ಟ್ರ್ಯಾಕ್ಟರ್ ಓಡಿಸುವ ಬಸವರಾಜುವಿಗೂ ಕರೆ ಹೋಗಿತ್ತು. ತನುಜಾ ಕಾಫಿ ತಂದಿದ್ದಳು.

"ಬಸವರಾಜು, ಆ ಹಡ್ಲು ನಿಂಗೆ ಚೆನ್ನಾಗಿ ಗೊತ್ತಲ್ಲ," ಎಂದರು ಅಯ್ಯ. "ಅಲ್ಲೇನಾದ್ರೂ ಇದೆಯಾ? ನಾಗರ ಕಲ್ಲೋ, ಚೌಡಿ ಕಲ್ಲೋ, ಅಂಥದ್ದೇನಾದ್ರೂ? ಇದ್ರೆ ಈಗ್ಲೇ ಹೇಳಿಬಿಡು. ಅಷ್ಟು ಬಿಟ್ಟು ಮಾಡ್ಸೋಣ. ಆಮೇಲೆ ರಗಳೆ ಬೇಡ."

ಅಯ್ಯ ಕೆಟ್ಟ ದನಿಯಲ್ಲೇನೂ ಕೇಳಿರಲಿಲ್ಲ. ಪೆನ್ಸಿಲು ಹಿಡಿದು, ಹೇಳಿದರೆ ಗುರುತು ಹಾಕಿಕೊಳ್ಳುವವರಂತೆ ಕಾದಿದ್ದರು. ಮಂಜಯ್ಯ ಕೆಮ್ಮಿದರು. ಬಸವರಾಜು ತಲೆಗೆ ಕಟ್ಟಿದ್ದ ಟವಲನ್ನು ಬಿಚ್ಚಿ ಕಂಕುಳಿಗೆ ಸೇರಿಸಿಕೊಂಡ.

"ಎಂತದೂ ಇಲ್ಲ ಅಯ್ಯ."

ತನುಜಾಳ ಕೈಯಲ್ಲಿದ್ದ ತಟ್ಟೆಯ ಮೇಲೆ ಮೂರು ಲೋಟ ಕಾಫಿ ಇತ್ತು. ಒಂದು ತೊಟ್ಟೂ ತುಳುಕಲಿಲ್ಲ. ಅವಳಿಗೆ ಬಹಳ ದಿನ ಕಾಡಿದ್ದು ಅದೇ. ಕೈ ನಡುಗಬೇಕಿತ್ತಲ್ಲ, ನಡುಗಲೂ ಇಲ್ಲವಲ್ಲ.

ಲೈನಿಗೆ ವಾಪಸು ಹೋಗುವ ದಾರಿಯಲ್ಲಿ ಅವಳು ಅಂದಳು. "ಚೌಡಿ ಇದೆ ಅಂದ್ಬಿಟ್ಟಿದ್ರೆ ಆಗ್ತಿತ್ತಲ್ರೀ. ಅವ್ರೇ ಬಿಡ್ತೀನಿ ಅಂದ್ರು."

"ಇಲ್ದಿರೋ ಚೌಡಿನ ಇದೆ ಅಂದ್ರೆ ಅವಳು ಸುಮ್ನಿರ್ತಾಳಾ? ಇನ್ನೊಂದು ಇದೆ ಮನೇಲಿ," ಎಂದ ಬಸವರಾಜು, ಮುಂದೆ ಕುಂಟಾಟ ಆಡಿಕೊಂಡು ಹೋಗುತ್ತಿದ್ದ ಕೃತಿಕಾಳನ್ನು ನೋಡಿ.

"ಹಂಗಾದ್ರೆ ನಿಜ ಹೇಳ್ಬೇಕಿತ್ತು."

"ಹೇಳಿ ಎಲ್ಲಿಗೆ ಹೋಗೋದು? ಮೂವತ್ತು ವರ್ಷ ಅಪ್ಪ ಇದ್ದ ಲೈನಿನ ಮನೆ. ಕದ್ದು ಹೂತಿದೀವಿ ಕಣೆ ನಾವು."

ಕದ್ದು ಎನ್ನುವ ಮಾತು ಅವಳಿಗೆ ಚುಚ್ಚಿತು. ಯಾರ ವಸ್ತುವನ್ನು ಕದ್ದದ್ದು? ಅವಳು ಕೇಳಲಿಲ್ಲ. ಅವತ್ತಿನಿಂದ ಗಂಡನ ಜೊತೆ ಉಪ್ಪು, ಸೌದೆ, ನೀರು ಎನ್ನುವಷ್ಟೇ ಮಾತು ಉಳಿಯಿತು.

ಅದಾಗಿ ಹತ್ತು ದಿನಕ್ಕೆ ಇನ್ನೊಬ್ಬರು ಕೇಳಿದ್ದರು. ಗೋಣಿಬೀಡಿನಿಂದ ಜೆಸಿಬಿ ತಂದಿದ್ದ ಉಬೈದ್, ನೀರು ಬೇಕೆಂದು ಅಡುಗೆಮನೆಯ ಹಿಂಬಾಗಿಲಿಗೆ ಬಂದ. ಚೊಂಬು ಕೈಯಲ್ಲಿ ಹಿಡಿದು, ಕುಡಿಯದೆ ನಿಂತ.

"ಅಕ್ಕಾ, ಆ ಸಿಲ್ವರ್ ಮರದ ಹತ್ರ ಒಂದು ಸಣ್ಣ ಕಲ್ಲಿದೆ. ಅರಿಶಿನ ಹಚ್ಚಿದೆ. ಯಾರದ್ದು ಗೊತ್ತಾ?"

"ನಂಗೆ ಗೊತ್ತಿಲ್ಲ," ಎಂದಿದ್ದಳು ತನುಜಾ. ಗಂಡ ಒಂದು ಸಲ ಇಲ್ಲವೆಂದ ಮೇಲೆ ತಾನು ಇದೆ ಎನ್ನುವುದು ಹೇಗೆ?

ಉಬೈದ್ ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ. "ನಮ್ಮಲ್ಲೂ ಚಿಕ್ಕ ಮಕ್ಕಳಿಗೆ ಅಷ್ಟೇ ಸಣ್ಣ ಕಲ್ಲು ಇಡೋದು," ಎಂದ. "ಬಕೆಟ್ಟಲ್ಲಿ ಎತ್ತಲಿಲ್ಲ ಅಕ್ಕಾ, ಕೈಯಲ್ಲೇ ಎತ್ತಿ ಮರದ ಬುಡದಲ್ಲಿ ಇಟ್ಟಿದೀನಿ. ಅಲ್ಲಿ ನಾನು ಕೆರೆಯೋದೂ ಇಲ್ಲ. ಮೇಲೆ ಮಣ್ಣು ಹರಡ್ತೀನಿ ಅಷ್ಟೇ." ಗಟಗಟನೆ ನೀರು ಕುಡಿದು ಚೊಂಬನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೋದ.

ಹಾಗೆ ಎರಡು ಸಲ ಕೇಳಿದ್ದರು, ಎರಡು ಸಲವೂ ಇಲ್ಲವೆಂದಾಗಿತ್ತು. ಮಣ್ಣು ಬಿತ್ತು, ಹುಲ್ಲು ಹಾಸಿದರು, ಬಸವರಾಜು ದಿನಾ ಟ್ಯಾಂಕರಿನಲ್ಲಿ ನೀರು ಬಿಟ್ಟ, ಟ್ರ್ಯಾಕ್ಟರಿಗೆ ಕಬ್ಬಿಣದ ರೋಲರ್ ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಓಡಾಡಿದ. ರೋಲರಿನ ಕಿರುಗುಟ್ಟುವ ಸದ್ದು ಅಡುಗೆಮನೆಗೆ ಕೇಳುವಾಗೆಲ್ಲ ತನುಜಾ ರುಬ್ಬುವ ಮಿಕ್ಸಿ ಹಾಕುತ್ತಿದ್ದಳು, ರುಬ್ಬುವುದಕ್ಕೆ ಏನಿಲ್ಲದಿದ್ದರೂ.

ಐಸಿನ ಗಂಟು ಹಿಡಿದು ಅವಳು ಗ್ರೌಂಡು ತಲುಪಿದಾಗ ಎಲ್ಲರೂ ಒಂದು ಕಡೆ ಗುಂಪುಗಟ್ಟಿದ್ದರು. ಲೈನಿನ ನಾಲ್ಕೈದು ಮಕ್ಕಳು ಹಗ್ಗದ ಆಚೆ ಸಾಲಾಗಿ ಕುಳಿತಿದ್ದರು. ಕೃತಿಕಾ ಮಾತ್ರ ನಿಂತಿದ್ದಳು, ಸಿಲ್ವರ್ ಮರಕ್ಕೆ ಬೆನ್ನು ಆನಿಸಿಕೊಂಡು. ಅವಳ ಕಾಲ ಬಳಿ, ಒಣಗಿದ ಎಲೆಗಳ ನಡುವೆ ಆ ಕಲ್ಲು.

ಕೆಂಚುಗೂದಲಿನ ಹುಡುಗ ನೆಲದಲ್ಲಿ ಕುಳಿತು ಹಲ್ಲು ಕಚ್ಚಿಕೊಂಡಿದ್ದ. ಇಪ್ಪತ್ತು ಇಪ್ಪತ್ತೆರಡು ವರ್ಷ ಇರಬಹುದು. ತನುಜಾ ಐಸು ಕೊಟ್ಟಾಗ ಆ ನೋವಿನಲ್ಲೂ ಏನೋ ಹೇಳಿ ತಲೆ ಬಗ್ಗಿಸಿದ. ಎತ್ತರಕ್ಕೆ ಹಾರಿ ಚೆಂಡು ಹಿಡಿದು ಇಳಿಯುವಾಗ ಅವನ ಒಂದು ಕಾಲು ಮಾತ್ರ ನೆಲದಲ್ಲಿ ಹೂತು ಹೋಗಿತ್ತು. ಕೋಚು, ಮಕ್ಕಳು ಪೀಪಿ ಮಾವ ಎಂದು ಕರೆಯುವ ಬೋಳುತಲೆಯ ಮನುಷ್ಯ, ಅಲ್ಲೇ ಬಗ್ಗಿ ನೆಲವನ್ನು ಹಿಮ್ಮಡಿಯಿಂದ ಒತ್ತಿ ಒತ್ತಿ ನೋಡುತ್ತಿದ್ದ. ಸುತ್ತಲೂ ಗಟ್ಟಿ. ಒಂದು ಕಡೆ ಮಾತ್ರ ಹಿಮ್ಮಡಿ ಮೆತ್ತಗೆ ಇಳಿಯುತ್ತಿತ್ತು. ಅವನು ಅದರ ಅಂಚು ಹುಡುಕುತ್ತಾ ಸುತ್ತ ಬಂದ. ಹೆಚ್ಚೇನಿಲ್ಲ, ಒಂದು ಚಾಪೆಯಷ್ಟು ಜಾಗ. ಮಗು ಮಲಗುವ ಚಾಪೆಯಷ್ಟು.

ತನುಜಾ ಸಿಲ್ವರ್ ಮರದ ಕಡೆ ನೋಡಿದಳು. ಮರದಿಂದ ಬಂಗಲೆ ಕಡೆಗೆ, ಮನಸ್ಸಿನಲ್ಲೇ ಗಂಡನ ಹೆಜ್ಜೆ ಇಟ್ಟಳು. ಏಳು, ಎಂಟು, ಒಂಬತ್ತು.

"ಬಸವರಾಜೂ," ಎಂದು ಅಯ್ಯ ಕೂಗಿದರು. ಪಂಪಿನ ಮನೆಯ ಹತ್ತಿರ ಪೈಪು ಸುತ್ತುತ್ತಿದ್ದವನು ಓಡಿ ಬಂದ. ಅವನ ಹಿಂದೆ ಮಂಜಯ್ಯನೂ ಬಂದರು.

"ಎಂತದು ಇದು? ಇಷ್ಟು ಜಾಗ ಮಾತ್ರ ಯಾಕೆ ಹಿಂಗಿದೆ?"

ಬಸವರಾಜು ನೀರು ಹತ್ತಿದ ಕೈಯನ್ನು ಟವಲಿಗೆ ಒರೆಸಿಕೊಂಡ.

"ಇಲ್ಲಿ ರೋಲರ್ ಹತ್ತಿಸಿಲ್ವಾ?"

"ಬಿಟ್ಟೋಯ್ತು ಅಯ್ಯ."

"ಎರಡು ತಿಂಗಳೂ ಬಿಟ್ಟೋಯ್ತಾ? ಸುತ್ತ ಕಲ್ಲಿನ ಹಾಗೆ ಕೂತಿದೆ, ನಡುವೆ ಒಂದೇ ಒಂದು ಸಲವೂ ಹತ್ತಿಲ್ಲ. ನೋಡು, ರೋಲರಿನ ಗೆರೆ ಹೆಂಗೆ ತಿರುಗಿದೆ ಇಲ್ಲಿ."

ಹೌದು. ಈಗ ನೋಡಿದರೆ ಎಲ್ಲರಿಗೂ ಕಾಣುತ್ತಿತ್ತು. ಆ ತುದಿಯಿಂದ ನೇರ ಬಂದ ರೋಲರಿನ ಗೆರೆಗಳು ಇಲ್ಲಿಗೆ ಬಂದ ಕೂಡಲೇ ಒಂದಿಷ್ಟು ಬಳುಕಿ, ಕಲ್ಲನ್ನು ಬಳಸಿ ಹರಿಯುವ ನೀರಿನಂತೆ ಎರಡು ಬದಿಗೂ ಸರಿದು, ಮುಂದೆ ಹೋಗಿ ಮತ್ತೆ ಕೂಡಿಕೊಂಡಿದ್ದವು. ಒಂದೆರಡು ಸಲದ ಗೆರೆಯಲ್ಲ. ಎರಡು ತಿಂಗಳ, ದಿನಕ್ಕೆರಡು ಹೊತ್ತಿನ ಗೆರೆ.

ತನುಜಾ ಗೆರೆಗಳಿಂದ ಗಂಡನ ಕಡೆಗೆ ಕಣ್ಣು ತಿರುಗಿಸಿದಳು. ಈ ಮನುಷ್ಯನ ಜೊತೆ ಅವಳು ಮೂರು ತಿಂಗಳಿನಿಂದ ಸರಿಯಾಗಿ ಮಾತಾಡಿರಲಿಲ್ಲ. ಎದೆಯಲ್ಲಿ ಏನೂ ಇಲ್ಲದವನು ಎಂದುಕೊಂಡಿದ್ದಳು. ಸ್ವಂತ ಮಗುವಿನ ಮೇಲೆ ದಿನಾ ಕಬ್ಬಿಣ ಉರುಳಿಸಿ ಬಂದು ಕೈ ತೊಳೆದು ಊಟಕ್ಕೆ ಕೂರುತ್ತಾನಲ್ಲ ಎಂದು ಅವನ ತಟ್ಟೆಗೆ ಅನ್ನವನ್ನು ಕುಕ್ಕಿ ಬಡಿಸಿದ್ದಳು. ಅವನು ಒಂದು ದಿನವೂ ಹೇಳಿರಲಿಲ್ಲ. ಅವನು ಹೇಳುವ ಜಾತಿಯವನಲ್ಲ. ಜಗಲಿಯಲ್ಲಿ ಬಾಯಿ ಬಿಟ್ಟು ಹೇಳಲಾರದ್ದನ್ನು ಸ್ಟೇರಿಂಗಿನಲ್ಲಿ ಹೇಳಿದ್ದ. ಅದನ್ನು ಓದಬಲ್ಲವರು ಅವಳೊಬ್ಬಳೇ, ಅವಳು ಗ್ರೌಂಡಿನ ಕಡೆ ನೋಡಿಯೇ ಇರಲಿಲ್ಲ.

ಮಂಜಯ್ಯ ನಡುವೆ ಬಾಯಿ ಹಾಕಿದರು. "ಅದು ಅಯ್ಯ, ಅಲ್ಲಿ ಟ್ರ್ಯಾಕ್ಟರ್ ತಿರುವು. ತಿರುಗಿಸ್ವಾಗ ಒಂದಿಷ್ಟು ಬಿಟ್ಟು ಹೋಗ್ತದೆ."

"ತಿರುವು ಅಲ್ಲಿದೆ ಮಂಜಯ್ಯ, ಕಂಬದ ಹತ್ರ. ಇದು ನಡುಭಾಗ." ಅಯ್ಯ ಬಸವರಾಜುವಿನ ಕಡೆ ತಿರುಗಿದರು. ದನಿ ಇಳಿಸಿದರು, ಹೊರಗಿನವರ ಎದುರು ಬೈಯುವುದು ಅವರಿಗೆ ಸೇರದು. "ಏನಾದ್ರೂ ಇದೆಯೇನೋ ಇಲ್ಲಿ?"

ಮೂರನೆಯ ಸಲ. ತನುಜಾ ಗಂಡನನ್ನೇ ನೋಡಿದಳು. ಅವನೂ ಒಂದು ಸಲ ಅವಳನ್ನು ನೋಡಿದ. ಹೇಳಲಾ ಎಂದು ಕೇಳುವ ಹಾಗಿತ್ತು ಆ ನೋಟ. ಅವಳು ಕಣ್ಣು ಮಿಟುಕಿಸಿದ್ದರೂ ಸಾಕಿತ್ತೇನೋ. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಬಂದದ್ದು ಲೈನಿನ ಮನೆ, ಅದರ ಹಂಚು, ಒಲೆ, ಗೋಡೆಗೆ ನೇತು ಹಾಕಿದ ಕೃತಿಕಾಳ ಸ್ಕೂಲ್ ಬ್ಯಾಗು. ಅವಳು ನೆಲ ನೋಡಿದಳು.

"ಎಂತದೂ ಇಲ್ಲ ಅಯ್ಯ," ಎಂದ ಬಸವರಾಜು.

"ಹಂಗಾದ್ರೆ ಈಗ್ಲೇ ಹತ್ತಿಸು. ಅವ್ರ ಎದುರೇ ಸರಿ ಮಾಡಿಬಿಡು, ನಂಗೂ ಮರ್ಯಾದೆ ಇರ್ತದೆ."

ಅವನು ಟ್ರ್ಯಾಕ್ಟರಿನ ಕಡೆಗೆ ಹೋದ. ಕೀಲಿ ತಿರುಗಿಸಿದ. ಮೊದಲ ಸಲ ಎಂಜಿನ್ ಹಿಡಿಯಲಿಲ್ಲ. ಎರಡನೆಯ ಸಲವೂ ಗೊರ್ ಎಂದು ನಿಂತಿತು. ತನುಜಾ ಮನಸ್ಸಿನಲ್ಲಿ ಯಾವ ಯಾವ ದೇವರನ್ನೋ ನೆನೆದಳು. ಬ್ಯಾಟರಿ ಕೂರಲಿ, ಡೀಸೆಲ್ ಮುಗಿದಿರಲಿ, ಏನಾದರೂ ಆಗಲಿ. ಮೂರನೆಯ ಸಲ ಎಂಜಿನ್ ಹಿಡಿದುಕೊಂಡು ಕಪ್ಪು ಹೊಗೆ ಬಿಟ್ಟಿತು.

ಅವಳು ಮರದ ಹತ್ತಿರ ಹೋಗಿ ಕೃತಿಕಾಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಸೆರಗು ಮುಚ್ಚಿದಳು. ಮಗು ಬಿಡಿಸಿಕೊಳ್ಳಲಿಲ್ಲ. ಆದರೆ ಸೆರಗಿನ ಸಂದಿಯಲ್ಲಿ ಒಂದು ಕಣ್ಣು ಹೊರಗಿತ್ತು. ರೋಲರ್ ಕಿರುಗುಟ್ಟುತ್ತಾ ಬಂತು. ಈ ಸಲ ಗೆರೆ ಬಳುಕಲಿಲ್ಲ. ಹೋಯಿತು, ತಿರುಗಿತು, ಬಂತು. ಬಸವರಾಜು ಮುಂದೆ ನೋಡುತ್ತಿದ್ದ, ಎಲ್ಲೋ ಬಹಳ ದೂರ, ಬೆಟ್ಟದ ನೆತ್ತಿಯ ಕಡೆ. "ಇನ್ನೊಂದು ಸಲ," ಎಂದು ಅಯ್ಯ ಬೆರಳೆತ್ತಿ ತೋರಿಸಿದರು. ಅವನು ಇನ್ನೊಂದು ಸಲ ಬಂದ. ಮತ್ತೊಂದು ಸಲವೂ.

ಪೀಪಿ ಮಾವ ಹೋಗಿ ಹಿಮ್ಮಡಿಯಿಂದ ಒತ್ತಿ ನೋಡಿದ. ಇಳಿಯಲಿಲ್ಲ. ಅವನು ನಗುತ್ತಾ ಬಸವರಾಜುವಿನ ಕಡೆ ಹೆಬ್ಬೆರಳು ಎತ್ತಿ ತೋರಿಸಿದ. ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದ ಬಸವರಾಜು ಏನು ಮಾಡಬೇಕೆಂದು ತಿಳಿಯದೆ ಒಂದು ಕ್ಷಣ ನೋಡಿ, ತಾನೂ ಹೆಬ್ಬೆರಳು ಎತ್ತಿದ.

"ಅಮ್ಮಾ," ಎಂದಳು ಕೃತಿಕಾ ಸೆರಗಿನ ಒಳಗಿನಿಂದ. "ಒಂದು ಕೇಳ್ಲಾ?"

"ಈಗ ಬೇಡ ಮಗಾ."

ಈ ಮಾತನ್ನು ಅವಳು ಒಂದು ವಾರದಿಂದ ಹೇಳುತ್ತಾ ಬಂದಿದ್ದಳು. ಮೂರನೆಯ ದಿನ ಚೆಂಡು ಎಗರಿ ದೊಡ್ಡಯ್ಯನ ಸಮಾಧಿಯ ಕಾಂಪೌಂಡಿನ ಒಳಗೆ ಬಿದ್ದಿತ್ತು. ತರಲು ಓಡಿದ ಇಬ್ಬರು ಆಟಗಾರರನ್ನು ಅರುಣ್ ಅಯ್ಯ ಎರಡೂ ಕೈ ಎತ್ತಿ ತಡೆದು, ತಾವೇ ಶೂ ಬಿಚ್ಚಿ ಒಳಗೆ ಹೋಗಿ, ಹಣೆ ಮುಟ್ಟಿ ನಮಸ್ಕಾರ ಮಾಡಿ ಚೆಂಡು ತಂದಿದ್ದರು. ಅವರ ಭಾಷೆಯಲ್ಲಿ ಅದೇನು ಹೇಳಿದರೋ, ಇಪ್ಪತ್ತೆರಡು ಜನವೂ ಗಪ್ಪಾಗಿ ನಿಂತರು. ಪೀಪಿ ಮಾವ ಟೋಪಿ ತೆಗೆದ. ಮಾರನೆಯ ದಿನದಿಂದ ಆ ಕಡೆ ಒಂದು ಹಗ್ಗ ಎಳೆದು ಕೆಂಪು ಬಟ್ಟೆ ಕಟ್ಟಿದರು, ಹತ್ತಿರ ಯಾರೂ ಓಡಬಾರದೆಂದು. ಅವತ್ತು ಸಂಜೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದ ತನುಜಾಳ ಮೊಣಕಾಲಿಗೆ ಗದ್ದ ಊರಿ ಕೃತಿಕಾ ಕೇಳಿದ್ದಳು.

"ಅಮ್ಮಾ, ಅಲ್ಲಿ ಯಾಕೆ ಯಾರೂ ಓಡ್ಬಾರ್ದು?"

"ದೊಡ್ಡಯ್ಯ ಮಲಗಿದಾರಲ್ಲ, ಅದಕ್ಕೆ."

"ಹಂಗಾದ್ರೆ ಅಮ್ಮಾ, ಒಂದು..."

"ಈಗ ಬೇಡ. ಕೆಲ್ಸ ಇದೆ."

ಆಮೇಲೆ ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ಅನ್ನ ಕಲಸಿ ಕೊಡುವಾಗ, ಮಗು ಪ್ರತಿ ಸಲವೂ ಅನುಮತಿ ಕೇಳುವುದು, ಅವಳು ಪ್ರತಿ ಸಲವೂ ಬೇರೆ ಕೆಲಸ ಹುಡುಕಿಕೊಳ್ಳುವುದು. ಪ್ರಶ್ನೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಯಾವುದರ ಬಗ್ಗೆ ಎಂದು ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಸಾಲದೆ?

ಅವಳು ಅಡುಗೆಮನೆಗೆ ವಾಪಸು ಹೋಗಿ ಉಳಿದ ಹದಿನೈದು ಉಂಡೆ ಕಟ್ಟಿದಳು. ಹಿಟ್ಟು ತಣ್ಣಗಾಗಿ ಬಿರುಕು ಬಿಡುತ್ತಿತ್ತು. ಬಿರುಕಿಗೆ ನೀರು ಸವರಿ ಸವರಿ ಮುಚ್ಚಿದಳು. ವಿಮಲಮ್ಮ ಒಂದು ಸಲ ಅವಳ ಮುಖ ನೋಡಿ, ಏನೋ ಕೇಳಲು ಹೊರಟವಳು, ಸುಮ್ಮನೆ ಚಟ್ನಿಗೆ ಒಗ್ಗರಣೆ ಹಾಕಿದಳು. ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸೇರಿಯೇ ಗೊತ್ತಿಲ್ಲದಂತೆ ಇದ್ದರು.

ಕಡುಬಿನ ಬೇಸನ್ನನ್ನು ಇಬ್ಬರೂ ಹೊತ್ತು ಗ್ರೌಂಡಿಗೆ ತರುವ ಹೊತ್ತಿಗೆ ತರಬೇತಿ ಮುಗಿದಿತ್ತು. ಬೆವರಿದ ಗಂಡಸರು ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಕಾಲಿಗೆ ಪಟ್ಟಿ ಸುತ್ತಿಕೊಂಡ ಕೆಂಚುಗೂದಲಿನ ಹುಡುಗನೂ ಅಲ್ಲೇ ಇದ್ದ, ನಗುತ್ತಿದ್ದ. ರೋಲರ್ ಹೋದ ಜಾಗದ ನಡುವೆ ಯಾರೋ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೊಪ್ಪಿ ಇಟ್ಟಿದ್ದರು, ಓಟದ ಗುರುತಿಗೆ. ಪೀಪಿ ಮಾವ ಲೈನಿನ ಮಕ್ಕಳನ್ನೆಲ್ಲ ಹಗ್ಗದ ಒಳಗೆ ಕರೆದು ಕೂರಿಸಿಕೊಂಡಿದ್ದ. ನಾಡಿದ್ದು ಹೊರಡುವವರಲ್ಲವೆ, ಒಂದು ಹಳೆಯ 'ಹಲಸಿನಕಾಯಿ' ಚೆಂಡನ್ನು ಮಕ್ಕಳಿಗೆಂದು ಕೊಟ್ಟಿದ್ದ. ಅವನು ಹೇಳಿದ್ದನ್ನು ಅರುಣ್ ಅಯ್ಯ ಕನ್ನಡದಲ್ಲಿ ಹೇಳುತ್ತಿದ್ದರು. ಅವರ ಮುಖದಲ್ಲಿ ಆಗಿನ ಬೇಸರ ಇರಲಿಲ್ಲ. ಅವರು ಮಕ್ಕಳ ಎದುರು ಹುಲ್ಲಿನ ಮೇಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

"ಇವ್ರು ಏನ್ ಹೇಳ್ತಾರೆ ಅಂದ್ರೆ, ಇಷ್ಟು ದಿನ ಬಂದು ಕೂತು ನೋಡಿದೀರಿ, ನಿಮಗೆ ಏನಾದ್ರೂ ಕೇಳೋದು ಇದ್ರೆ ಕೇಳ್ಬೇಕಂತೆ. ಯಾರ್ಯಾರಿಗೆ ಏನೇನು ಕೇಳೋದಿದೆ? ಹೆದರ್ಬೇಡಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹುಡುಗಿ, "ನಿಮ್ಮೂರಲ್ಲೂ ಮಂಗ ಇದೆಯಾ?" ಎಂದಳು. ಅಯ್ಯ ತಿರುಗಿಸಿ ಹೇಳಿದಾಗ ಆಟಗಾರರೆಲ್ಲ ಬಿದ್ದೂ ಬಿದ್ದೂ ನಕ್ಕು ಕೆಂಚುಗೂದಲಿನವನನ್ನು ತೋರಿಸಿದರು. ಮಕ್ಕಳೂ ನಕ್ಕರು.

ಆ ನಗು ಇಳಿಯುವಾಗ ಕೃತಿಕಾ ಕೈ ಎತ್ತಿದಳು. ಸ್ಕೂಲಿನಲ್ಲಿ ಹೇಳಿಕೊಟ್ಟ ಹಾಗೆ, ಬೆರಳೊಂದನ್ನೇ ನೆಟ್ಟಗೆ ಮಾಡಿ.

ತನುಜಾ ಬೇಸನ್ನು ಇಳಿಸಲು ಬಗ್ಗಿದವಳು ಹಾಗೇ ನಿಂತಳು. ಪಂಪಿನ ಮನೆಯ ಹತ್ತಿರ ಬಸವರಾಜು ರೋಲರಿಗೆ ಅಂಟಿದ ಮಣ್ಣನ್ನು ಕೋಲಿನಿಂದ ಕೆರೆಯುತ್ತಿದ್ದ. ಅವನ ಕೈಯೂ ನಿಂತಿತು.

"ಹ್ಞಾಂ, ಬಸವರಾಜುನ ಮಗಳಾ? ಎದ್ದು ನಿಂತು ಕೇಳು ಪುಟ್ಟಿ."

ಮಗು ಎದ್ದು ನಿಂತು ಮೊದಲು ತಾಯಿಯನ್ನು ನೋಡಿದಳು. ಈಗ ಬೇಡ ಎನ್ನುವ ಮಾತು ತನುಜಾಳ ನಾಲಿಗೆಯ ತುದಿಗೆ ಬಂದಿತ್ತು. ವಾರವಿಡೀ ಹೇಳಿ ಹೇಳಿ ಅದು ತಾನಾಗಿಯೇ ಬರುತ್ತಿತ್ತು. ಅವಳು ತುಟಿ ಬಿಗಿ ಹಿಡಿದಳು. ಬೇಸನ್ನಿನ ಬಿಸಿ ಬೆರಳು ಸುಡುತ್ತಿತ್ತು. ಅವಳು ಕೆಳಗಿಡಲಿಲ್ಲ.

ಕೃತಿಕಾ ಪೀಪಿ ಮಾವನ ಕಡೆ ನೋಡಲಿಲ್ಲ. ಅಯ್ಯನ ಕಡೆಗೇ ತಿರುಗಿ, ಕಿತ್ತಳೆ ಟೊಪ್ಪಿಯನ್ನು ಒಂದು ಸಲ, ಕೆಂಪು ಬಟ್ಟೆ ಕಟ್ಟಿದ ಕಾಂಪೌಂಡನ್ನು ಒಂದು ಸಲ ತೋರಿಸಿದಳು.

"ಅಯ್ಯಾ, ಆ ಟೊಪ್ಪಿ ಕೆಳಗೆ ನಮ್ಮ ಪಾಪು ಇದಾನೆ. ಅವನ್ನೂ ದೊಡ್ಡಯ್ಯನ ಪಕ್ಕ ಮಲಗಿಸ್ಬೋದಾ? ಅಲ್ಲಿ ಯಾರೂ ಓಡಲ್ಲ."